ಸ್ಮಾರ್ಟ್ ಬೋರ್ಡ್ ಹಾಕಿಸಿದರೆ ಮಕ್ಕಳಿಗೆ ವಿಜ್ಞಾನ ಅರ್ಥವಾಗುತ್ತದೆಯೇ?

ಶಾಲಾ ದಾಖಲಾತಿಯ ಸಮಯದಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ಒಂದು ಚಿತ್ರ ಸುತ್ತುತ್ತಿರುತ್ತದೆ. ಬಣ್ಣಬಣ್ಣದ ಪಟ್ಟಿಗಳಿರುವ ಒಂದು ತ್ರಿಕೋನ. ಅದರಲ್ಲಿ "ಮಕ್ಕಳಿಗೆ ಓದಿದ್ದರಲ್ಲಿ 10%, ಕೇಳಿದ್ದರಲ್ಲಿ 20%, ನೋಡಿದ್ದರಲ್ಲಿ 30%, ನೋಡಿ-ಕೇಳಿದ್ದರಲ್ಲಿ 50% ನೆನಪಿರುತ್ತದೆ" ಎಂದು ಬರೆದಿರುತ್ತದೆ. ಕೆಳಗೆ ಸ್ಮಾರ್ಟ್ ಕ್ಲಾಸಿನದೋ, ಯಾವುದೋ ಕಲಿಕಾ ಆ್ಯಪಿನದೋ ಜಾಹೀರಾತು. ಇನ್ನೊಂದು ಫಾರ್ವರ್ಡ್ ಇದಕ್ಕೆ ತದ್ವಿರುದ್ಧ: "ಸ್ವೀಡನ್ ದೇಶ ಶಾಲೆಗಳಲ್ಲಿ ಕಂಪ್ಯೂಟರ್ ನಿಷೇಧಿಸಿ ಪುಸ್ತಕಕ್ಕೆ ಮರಳಿದೆ. ನಾವು ಮಾತ್ರ ಮಕ್ಕಳ ಕೈಗೆ ಟ್ಯಾಬ್ ಕೊಡುತ್ತಿದ್ದೇವೆ."

ಮೊದಲನೆಯದನ್ನು ನಂಬಿದರೆ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಊರಿನ ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸಬೇಕು. ಎರಡನೆಯದನ್ನು ನಂಬಿದರೆ ಶಾಲೆಯಲ್ಲಿ ಇರುವ ಪ್ರೊಜೆಕ್ಟರನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಎರಡರಲ್ಲಿ ಯಾವ ತೀರ್ಮಾನ ತಪ್ಪಾದರೂ ನಷ್ಟ ಮಕ್ಕಳಿಗೆ. ಹಾಗಾದರೆ ಡಿಜಿಟಲ್ ತಂತ್ರಜ್ಞಾನದಿಂದ ವಿಜ್ಞಾನದ ಕಲಿಕೆ ನಿಜಕ್ಕೂ ಸುಧಾರಿಸುತ್ತದೆಯೇ? ಈ ಬಗ್ಗೆ ನಡೆದಿರುವ ಅಧ್ಯಯನಗಳು ಏನು ಹೇಳುತ್ತವೆ ಎಂದು ನೋಡೋಣ.

ಎರಡು ಫಾರ್ವರ್ಡ್‌ಗಳು, ಎರಡರಲ್ಲೂ ಅರ್ಧ ಸತ್ಯ

ಮೊದಲು ಆ ತ್ರಿಕೋನದ ವಿಷಯ. ಅದರ ಮೂಲ ಎಡ್ಗರ್ ಡೇಲ್ ಎಂಬ ಅಮೆರಿಕದ ಶಿಕ್ಷಣ ತಜ್ಞ 1946ರಲ್ಲಿ ತನ್ನ ಪುಸ್ತಕದಲ್ಲಿ ಕೊಟ್ಟ 'ಅನುಭವದ ಶಂಕು' ಎಂಬ ಚಿತ್ರ. ನೇರ ಅನುಭವದಿಂದ ಹಿಡಿದು ಬರೀ ಮಾತಿನವರೆಗೆ ಬೇರೆ ಬೇರೆ ಕಲಿಕಾ ಸಾಮಗ್ರಿಗಳನ್ನು ಡೇಲ್ ಅದರಲ್ಲಿ ಜೋಡಿಸಿದ್ದರು, ಅಷ್ಟೇ. ಆ ಚಿತ್ರದಲ್ಲಿ ಒಂದೇ ಒಂದು ಶೇಕಡಾವಾರು ಅಂಕಿ ಇರಲಿಲ್ಲ. 10, 20, 30 ಎಂಬ ಅಂಕಿಗಳನ್ನು ನಂತರದವರು ಸೇರಿಸಿದರು. ಯಾವ ಪ್ರಯೋಗದಿಂದಲೂ ಇಷ್ಟು ನೇರಾನೇರ ಅಂಕಿಗಳು ಬರುವುದಿಲ್ಲ ಎನ್ನುವುದು ಸ್ವಲ್ಪ ಯೋಚಿಸಿದರೆ ಗೊತ್ತಾಗುತ್ತದೆ. ಏನನ್ನು ಓದಿದ್ದು? ಯಾವ ವಯಸ್ಸಿನವರು? ಎಷ್ಟು ದಿನ ಬಿಟ್ಟು ಕೇಳಿದ್ದು? ಇವ್ಯಾವುದೂ ಆ ಚಿತ್ರದಲ್ಲಿ ಇಲ್ಲ.

ಇನ್ನು ಸ್ವೀಡನ್. ಅಲ್ಲಿನ ಸರ್ಕಾರ 2023ರಲ್ಲಿ ಪಠ್ಯಪುಸ್ತಕಗಳ ಖರೀದಿಗೆ 685 ಮಿಲಿಯನ್ ಕ್ರೋನಾ ಕೊಟ್ಟಿದ್ದು ನಿಜ. ಚಿಕ್ಕ ಮಕ್ಕಳ ತರಗತಿಗಳಲ್ಲಿ ಪರದೆಯ ಬಳಕೆ ಕಡಿಮೆಯಾಗಬೇಕು, ಮುದ್ರಿತ ಪುಸ್ತಕ ಮತ್ತು ಕೈಬರಹ ಹೆಚ್ಚಬೇಕು ಎಂದು ಅಲ್ಲಿನ ಸರ್ಕಾರ ಹೇಳಿದ್ದೂ ನಿಜ. ಆದರೆ ಶಾಲೆಗಳಲ್ಲಿ ಕಂಪ್ಯೂಟರನ್ನು ನಿಷೇಧಿಸಿದೆ ಎನ್ನುವುದು ಸುಳ್ಳು.

ಒಂದು ಫಾರ್ವರ್ಡ್ ಸಾಧನವನ್ನು ಹೊಗಳುತ್ತದೆ, ಇನ್ನೊಂದು ತೆಗಳುತ್ತದೆ. ಆ ಸಾಧನದ ಮುಂದೆ ಕೂತ ಮಗು ಏನು ಮಾಡುತ್ತಿರುತ್ತದೆ ಎಂದು ಮಾತ್ರ ಎರಡೂ ಕೇಳುವುದಿಲ್ಲ. ವಿಜ್ಞಾನ ಕಲಿಕೆಯಲ್ಲಿ ಫಲಿತಾಂಶವನ್ನು ನಿರ್ಧರಿಸುವುದು ಬಹುಮಟ್ಟಿಗೆ ಇದೇ.

ಸಾಧನ ಕೊಟ್ಟಾಗ ಏನಾಯಿತು?

ಪ್ರತಿ ಮಗುವಿಗೂ ಒಂದು ಅಗ್ಗದ ಲ್ಯಾಪ್‌ಟಾಪ್ ಎಂಬ ಯೋಜನೆಯನ್ನು ಅಮೆರಿಕದ ಎಂಐಟಿಯ ನಿಕೋಲಸ್ ನೆಗ್ರೊಪಾಂಟೆ 2005ರಲ್ಲಿ ಜಗತ್ತಿನ ಮುಂದಿಟ್ಟರು. ದಕ್ಷಿಣ ಅಮೆರಿಕದ ಪೆರು ದೇಶ ಇದನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದಿತು. ಅಲ್ಲಿನ 319 ಗ್ರಾಮೀಣ ಶಾಲೆಗಳಲ್ಲಿ ನಡೆದ ಅಧ್ಯಯನದ ವರದಿ 2012ರಲ್ಲಿ ಹೊರಬಂತು. ಮಕ್ಕಳು ಲ್ಯಾಪ್‌ಟಾಪ್ ಬಳಸಲು ಕಲಿತಿದ್ದರು. ಆದರೆ ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಲ್ಯಾಪ್‌ಟಾಪ್ ಸಿಕ್ಕ ಶಾಲೆಗಳಿಗೂ ಸಿಗದ ಶಾಲೆಗಳಿಗೂ ವ್ಯತ್ಯಾಸ ಕಾಣಲಿಲ್ಲ.

ಶ್ರೀಮಂತ ದೇಶಗಳ ಕತೆಯೂ ಬೇರೆಯಾಗಿರಲಿಲ್ಲ. ಶಾಲಾ ತಂತ್ರಜ್ಞಾನಕ್ಕೆ ಭಾರಿ ಹಣ ಸುರಿದ ದೇಶಗಳಲ್ಲಿ ಓದು, ಗಣಿತ ಮತ್ತು ವಿಜ್ಞಾನದ ಪಿಸಾ ಪರೀಕ್ಷೆಯ ಅಂಕಗಳು ಹೇಳಿಕೊಳ್ಳುವಷ್ಟು ಸುಧಾರಿಸಿಲ್ಲ ಎಂದು ಒಇಸಿಡಿ ಸಂಸ್ಥೆ 2015ರಲ್ಲಿ ವರದಿ ಮಾಡಿತು.

ನಮ್ಮಲ್ಲೂ ಈ ಪ್ರಯತ್ನಗಳು ಇವತ್ತು ಶುರುವಾದವಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋ ಮತ್ತು ನಾಸಾ ಸೇರಿ 'ಸೈಟ್' ಎಂಬ ಪ್ರಯೋಗ ನಡೆಸಿದವು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಕಾರ್ಯಕ್ರಮ ತಲುಪಿತು. ಆ ಪಟ್ಟಿಯಲ್ಲಿ ನಮ್ಮ ರಾಯಚೂರು, ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಕಾರ್ಯಕ್ರಮ ಬರುತ್ತಿತ್ತು. 2004ರಲ್ಲಿ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ ಅದರ ಮೂಲಕ ಪಾಠಗಳು ಬಂದವು. 2017ರಲ್ಲಿ ದೀಕ್ಷಾ ವೇದಿಕೆ ಶುರುವಾದ ಮೇಲೆ ಪಠ್ಯಪುಸ್ತಕದ ಪುಟಗಳಲ್ಲೇ ಕ್ಯೂಆರ್ ಕೋಡ್ ಬಂತು. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳು ಪ್ರಸಾರವಾದವು.

ಇವು ವ್ಯರ್ಥ ಎಂದು ಯಾರೂ ಹೇಳಲಾರರು. ಶಾಲೆಗೆ ಬೀಗ ಬಿದ್ದಿದ್ದಾಗ ಹೈಸ್ಕೂಲು ಮಕ್ಕಳ ಮನೆಗೆ ಪಾಠ ತಲುಪಿದ್ದು ದೊಡ್ಡ ವಿಷಯ. ಆದರೆ ಪಾಠ ತಲುಪುವುದು ಬೇರೆ, ಅರ್ಥವಾಗುವುದು ಬೇರೆ. ವಿಜ್ಞಾನದ ವಿಷಯದಲ್ಲಿ ಈ ಅಂತರ ಇನ್ನೂ ಹೆಚ್ಚು.

ಮಗುವಿನ ತಲೆ ಖಾಲಿ ಪಾತ್ರೆಯಲ್ಲ

ಒಂದು ಪ್ರಶ್ನೆ. ಬೇಸಿಗೆಯಲ್ಲಿ ಸೆಕೆ ಹೆಚ್ಚು ಯಾಕೆ? "ಆಗ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತದೆ" ಎಂಬ ಉತ್ತರ ನಿಮ್ಮ ಮನಸ್ಸಿಗೂ ಬಂದಿರಬಹುದು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕಿಕೊಂಡು ಓಡಾಡುವಾಗ! ಋತುಗಳಿಗೆ ಕಾರಣ ಭೂಮಿಯ ಅಕ್ಷ ವಾಲಿರುವುದು. ಇದು ಶಾಲೆಯಲ್ಲಿ ಎಲ್ಲರಿಗೂ ಪಾಠವಾಗಿರುತ್ತದೆ. ಆದರೂ 1987ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಪ್ರದಾನ ಸಮಾರಂಭದಲ್ಲಿ ಪದವೀಧರರು ಮತ್ತು ಅಧ್ಯಾಪಕರು ಸೇರಿ 23 ಜನರಿಗೆ ಇಂಥವೇ ಪ್ರಶ್ನೆ ಕೇಳಿದಾಗ 21 ಮಂದಿ ತಪ್ಪು ಹೇಳಿದ್ದು 'ಎ ಪ್ರೈವೇಟ್ ಯೂನಿವರ್ಸ್' ಎಂಬ ಸಾಕ್ಷ್ಯಚಿತ್ರದಲ್ಲಿದೆ.

ಅವರು ದಡ್ಡರಲ್ಲ. ಒಲೆಗೆ ಹತ್ತಿರ ಹೋದರೆ ಬಿಸಿ, ದೂರ ಬಂದರೆ ತಂಪು ಎಂಬುದು ಚಿಕ್ಕಂದಿನಿಂದ ನಮ್ಮೆಲ್ಲರ ಅನುಭವ. ಅದೇ ಲೆಕ್ಕವನ್ನು ಸೂರ್ಯನಿಗೂ ಹಾಕುತ್ತೇವೆ. ಹಾಗೆಯೇ "ಭಾರದ ವಸ್ತು ಬೇಗ ಬೀಳುತ್ತದೆ", "ಕರೆಂಟು ಬಲ್ಬಿನಲ್ಲಿ ಖರ್ಚಾಗಿ ಹೋಗುತ್ತದೆ", "ಗಿಡ ತನ್ನ ಊಟವನ್ನೆಲ್ಲ ಮಣ್ಣಿನಿಂದಲೇ ತೆಗೆದುಕೊಳ್ಳುತ್ತದೆ" ಎಂಬ ಕಲ್ಪನೆಗಳೂ ಮಗು ತರಗತಿಗೆ ಬರುವ ಮೊದಲೇ ಅದರ ತಲೆಯಲ್ಲಿ ಬೇರೂರಿರುತ್ತವೆ. ಇತಿಹಾಸದ ಒಂದು ಇಸವಿ ಗೊತ್ತಿಲ್ಲದಿದ್ದರೆ ಹೇಳಿಕೊಟ್ಟರೆ ಸಾಕು. ವಿಜ್ಞಾನದಲ್ಲಿ ಮಗು ಆಗಲೇ ನಂಬಿರುವುದನ್ನು ಮೊದಲು ಅಲುಗಾಡಿಸಬೇಕಾಗುತ್ತದೆ.

ನೋಡಿದರೆ ಸಾಲದು

"ಪುಸ್ತಕದಲ್ಲಿ ಓದುವುದಕ್ಕಿಂತ ವಿಡಿಯೋದಲ್ಲಿ ನೋಡಿದರೆ ಅರ್ಥವಾಗುತ್ತದಲ್ಲ?" ಎಂದು ನೀವು ಕೇಳಬಹುದು. ಇಲ್ಲಿ ಎರಡು ಅಧ್ಯಯನಗಳನ್ನು ನೋಡಬೇಕು.

ಮೊದಲನೆಯದು ಪರದೆಯ ಮೇಲಿನದ್ದಲ್ಲ, ನಿಜವಾದ ಪ್ರಯೋಗಗಳದ್ದು. ಹಾರ್ವರ್ಡ್‌ನ ಕ್ಯಾಥರೀನ್ ಕ್ರೌಚ್, ಎರಿಕ್ ಮಜೂರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ್ದು. ಭೌತಶಾಸ್ತ್ರದ ಪ್ರಾತ್ಯಕ್ಷಿಕೆಗಳನ್ನು ಒಂದು ಗುಂಪು ಸುಮ್ಮನೆ ನೋಡಿತು. ಇನ್ನೊಂದು ಗುಂಪು ಏನಾಗಬಹುದು ಎಂದು ಮೊದಲು ಊಹಿಸಿ, ಆಮೇಲೆ ನೋಡಿತು. ಮತ್ತೊಂದು ಗುಂಪಿಗೆ ತೋರಿಸಲೇ ಇಲ್ಲ. ನಂತರ ಪರೀಕ್ಷಿಸಿದಾಗ, ಸುಮ್ಮನೆ ನೋಡಿದವರ ತಿಳಿವಳಿಕೆ ನೋಡದೇ ಇದ್ದವರಿಗಿಂತ ಹೆಚ್ಚೇನೂ ಮೇಲಿರಲಿಲ್ಲ. ಮೊದಲು ಊಹಿಸಿ ನೋಡಿದವರು ಸ್ಪಷ್ಟವಾಗಿ ಮುಂದಿದ್ದರು. ಪ್ರಯೋಗವೊಂದೇ, ಉಪಕರಣವೂ ಅದೇ. ಊಹಿಸಲು ಹೆಚ್ಚಿಗೆ ಬೇಕಾದದ್ದು ಒಂದೆರಡು ನಿಮಿಷ ಮಾತ್ರ.

ಎರಡನೆಯದು ವಿಡಿಯೋ ಕುರಿತದ್ದು. ಇವತ್ತು 'ವೆರಿಟಾಸಿಯಂ' ಎಂಬ ಯೂಟ್ಯೂಬ್ ವಾಹಿನಿಯಿಂದ ಪ್ರಸಿದ್ಧರಾಗಿರುವ ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದೇ ಈ ವಿಷಯದ ಮೇಲೆ. ಚೆಂಡು ಮೇಲಕ್ಕೆ ಎಸೆದಾಗ ಅದರ ಮೇಲೆ ಯಾವ ಬಲಗಳು ಇರುತ್ತವೆ ಎಂಬಂಥ ವಿಷಯಗಳ ಬಗ್ಗೆ ಅವರು ಎರಡು ಬಗೆಯ ವಿಡಿಯೋ ಮಾಡಿದರು. ಒಂದರಲ್ಲಿ ನೇರ, ಸ್ಪಷ್ಟ ವಿವರಣೆ. ಇನ್ನೊಂದರಲ್ಲಿ ಸಾಮಾನ್ಯವಾದ ತಪ್ಪು ಕಲ್ಪನೆಯನ್ನು ಮೊದಲು ಎತ್ತಿ, ಅದು ಯಾಕೆ ತಪ್ಪು ಎಂದು ಚರ್ಚಿಸುವ ಸಂಭಾಷಣೆ. ಮೊದಲ ವಿಡಿಯೋ ನೋಡಿದವರು "ತುಂಬಾ ಸ್ಪಷ್ಟವಾಗಿದೆ, ಸುಲಭವಾಗಿದೆ" ಎಂದರು. ಆದರೆ ಅವರ ಅಂಕಗಳು ನೋಡುವ ಮೊದಲು ಎಷ್ಟಿದ್ದವೋ ಹೆಚ್ಚುಕಮ್ಮಿ ಅಷ್ಟೇ ಇದ್ದವು. ಎರಡನೇ ವಿಡಿಯೋ ನೋಡಿದವರು "ಗೊಂದಲವಾಯಿತು" ಎಂದರು. ಅಂಕ ಹೆಚ್ಚು ಬಂದದ್ದು ಅವರಿಗೇ.

ಯಾಕೆ ಹೀಗೆ? ಸ್ಪಷ್ಟವಾದ ವಿಡಿಯೋ ನೋಡುವಾಗ ವಿದ್ಯಾರ್ಥಿಗೆ "ಇದು ನನಗೆ ಗೊತ್ತಿರುವುದೇ" ಅನ್ನಿಸುತ್ತದೆ. ಹೇಳುತ್ತಿರುವುದು ತನ್ನ ನಂಬಿಕೆಗೆ ವಿರುದ್ಧವಾಗಿದೆ ಎಂಬುದೇ ಗಮನಕ್ಕೆ ಬರುವುದಿಲ್ಲ. ಹಳೆಯ ತಪ್ಪು ಕಲ್ಪನೆ ಹಾಗೇ ಉಳಿಯುತ್ತದೆ, ಜೊತೆಗೆ ಅದರ ಮೇಲಿನ ಆತ್ಮವಿಶ್ವಾಸವೂ ಹೆಚ್ಚುತ್ತದೆ.

ಪೋಷಕರು ಇದನ್ನು ಗಮನಿಸಬೇಕು. "ಆ್ಯಪ್ ಪಾಠ ಹೇಗಿತ್ತು ಮಗಾ, ಅರ್ಥ ಆಯ್ತಾ?" ಎಂದು ನಾವು ಕೇಳುತ್ತೇವೆ. "ಸೂಪರ್ ಆಗಿತ್ತು, ಎಲ್ಲ ಅರ್ಥ ಆಯ್ತು" ಎನ್ನುತ್ತದೆ ಮಗು. ಅದು ಸುಳ್ಳು ಹೇಳುತ್ತಿಲ್ಲ. ಆದರೆ ಅರ್ಥವಾಯಿತು ಎಂಬ ಭಾವನೆಯನ್ನು ಅಳತೆಗೋಲಾಗಿ ನಂಬುವಂತಿಲ್ಲ. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲೂ ಇದೇ ಕಂಡಿತು. ಸೊಗಸಾದ ಉಪನ್ಯಾಸ ಕೇಳಿದವರು ಹೆಚ್ಚು ಕಲಿತೆವು ಎಂದುಕೊಂಡರು. ಪರೀಕ್ಷೆಯಲ್ಲಿ ಹೆಚ್ಚು ಕಲಿತದ್ದು ಕಂಡುಬಂದಿದ್ದು ತಾವೇ ತಲೆಕೆಡಿಸಿಕೊಂಡು ಸಮಸ್ಯೆ ಬಿಡಿಸಿದವರಲ್ಲಿ.

ಹಾಗಾದರೆ ತಂತ್ರಜ್ಞಾನ ಎಲ್ಲಿ ನೆರವಾಗುತ್ತದೆ?

ಇಷ್ಟು ಓದಿ "ಹಾಗಾದರೆ ಇದೆಲ್ಲ ದಂಡ" ಎಂದು ತೀರ್ಮಾನಿಸಬೇಡಿ. ತಂತ್ರಜ್ಞಾನಕ್ಕೆ ಸರಿಯಾದ ಕೆಲಸ ಕೊಟ್ಟರೆ ಸೀಮೆಸುಣ್ಣ-ಬೋರ್ಡಿನಿಂದ ಆಗದ್ದು ಅದರಿಂದ ಆಗುತ್ತದೆ. ಅಂಥ ನಾಲ್ಕು ಕೆಲಸಗಳು ಇಲ್ಲಿವೆ.

1. ಕಣ್ಣಿಗೆ ಕಾಣದ್ದನ್ನು ತೋರಿಸುವುದು, ಬದಲಾಯಿಸಿ ನೋಡಲು ಬಿಡುವುದು

ತಂತಿಯೊಳಗೆ ಎಲೆಕ್ಟ್ರಾನ್ ಹರಿಯುವುದನ್ನು ಯಾವ ಪ್ರಯೋಗಾಲಯದಲ್ಲೂ ಕಣ್ಣಾರೆ ನೋಡಲಾಗದು. ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ 'ಫೆಟ್' ಎಂಬ ಉಚಿತ ತಾಣದಲ್ಲಿ ಇದನ್ನು ಪರದೆಯ ಮೇಲೆ ಮಾಡಿ ನೋಡಬಹುದು. ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ತಂದು ಜೋಡಿಸಿದರೆ ಎಲೆಕ್ಟ್ರಾನುಗಳು ಓಡುವುದು ಕಾಣುತ್ತದೆ. ಕೆಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತವೆ.

ಇದರ ಪರಿಣಾಮದ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಯೋಗಾಲಯದ ಅವಧಿಯಲ್ಲಿ ನಿಜವಾದ ಉಪಕರಣದ ಬದಲು ಈ ಪರದೆಯ ಪ್ರಯೋಗ ಬಳಸಿದ ಕಾಲೇಜು ವಿದ್ಯಾರ್ಥಿಗಳು ವಿದ್ಯುತ್ ಮಂಡಲದ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸಿದ್ದಷ್ಟೇ ಅಲ್ಲ, ನಂತರ ನಿಜವಾದ ತಂತಿ-ಬಲ್ಬು ಕೊಟ್ಟಾಗಲೂ ಇತರರಿಗಿಂತ ಚೆನ್ನಾಗಿ ಜೋಡಿಸಿದರು. ಅವರು ವಿಡಿಯೋ ನೋಡುತ್ತಾ ಕೂತಿರಲಿಲ್ಲ ಎಂಬುದನ್ನು ಗಮನಿಸಿ. ತಾವೇ ಜೋಡಿಸಿ, ಬಿಚ್ಚಿ, ತಪ್ಪು ಮಾಡಿ ನೋಡುತ್ತಿದ್ದರು.

2. ಅಳೆಯುವುದು

ನಿಮ್ಮ ಜೇಬಿನ ಫೋನಿನಲ್ಲಿ ಮೈಕ್, ಕ್ಯಾಮೆರಾ, ಚಲನೆಯನ್ನು ಗುರುತಿಸುವ ಸೆನ್ಸರ್‌ಗಳಿವೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿರುವ 'ಫೈಫಾಕ್ಸ್' ಎಂಬ ಉಚಿತ ಆ್ಯಪ್ ಅವನ್ನೇ ಪ್ರಯೋಗಾಲಯದ ಉಪಕರಣವಾಗಿಸುತ್ತದೆ. ಎರಡು ಫೋನುಗಳನ್ನು ಐದು ಮೀಟರ್ ದೂರದಲ್ಲಿಟ್ಟು, ಮೊದಲು ಒಂದರ ಬಳಿ, ಆಮೇಲೆ ಇನ್ನೊಂದರ ಬಳಿ ಚಪ್ಪಾಳೆ ತಟ್ಟಿದರೆ ಎರಡರ ಶಬ್ದ-ಗಡಿಯಾರಗಳಲ್ಲೂ ಸ್ವಲ್ಪ ಬೇರೆ ಸಮಯ ಬರುತ್ತದೆ. ಆ ವ್ಯತ್ಯಾಸ ಸುಮಾರು 0.03 ಸೆಕೆಂಡು. ಶಬ್ದ ಐದು ಮೀಟರ್ ದೂರವನ್ನು ಎರಡು ಸಲ, ಅಂದರೆ ಹತ್ತು ಮೀಟರ್ ಕ್ರಮಿಸಲು ಹಿಡಿದ ಸಮಯ ಅದು. ಹತ್ತನ್ನು ಅದರಿಂದ ಭಾಗಿಸಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂದು ಮಕ್ಕಳೇ ಕಂಡುಕೊಳ್ಳಬಹುದು.

3. ಪ್ರತಿ ಮಗುವಿನ ಮಟ್ಟಕ್ಕೆ ತಕ್ಕ ಅಭ್ಯಾಸ

ಒಂದೇ ತರಗತಿಯಲ್ಲಿ ಕೂತ ಮಕ್ಕಳ ಮಟ್ಟ ಒಂದೇ ಆಗಿರುವುದಿಲ್ಲ. ದೆಹಲಿಯಲ್ಲಿ 2015ರಲ್ಲಿ 619 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಶಾಲೆಯ ನಂತರ 'ಮೈಂಡ್‌ಸ್ಪಾರ್ಕ್' ಎಂಬ ತಂತ್ರಾಂಶ ಬಳಸಿ ಕಲಿತವರು ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿಯಲ್ಲಿ ಉಳಿದವರಿಗಿಂತ ಬಹಳ ಮುಂದೆ ಹೋದರು. ಆ ತಂತ್ರಾಂಶ ತರಗತಿಯ ಪಠ್ಯದಿಂದ ಶುರುಮಾಡುತ್ತಿರಲಿಲ್ಲ, ಮಗು ಇರುವ ಮಟ್ಟದಿಂದ ಶುರುಮಾಡುತ್ತಿತ್ತು. ದಿನಕ್ಕೆ 45 ನಿಮಿಷ ತಂತ್ರಾಂಶವಾದರೆ, ಇನ್ನು 45 ನಿಮಿಷ ಸಣ್ಣ ಗುಂಪಿಗೆ ಒಬ್ಬ ಬೋಧಕರ ಪಾಠ ಇತ್ತು. ಇದು ವಿಜ್ಞಾನದ ಅಧ್ಯಯನವಲ್ಲ. ಆದರೆ ಭಾಗಾಕಾರ ಬಾರದ ಮಗುವಿಗೆ ವೇಗ, ಸಾಂದ್ರತೆಯ ಪಾಠ ತಲೆಗೆ ಹತ್ತದು ಎಂಬುದು ವಿಜ್ಞಾನದ ಶಿಕ್ಷಕರಿಗೆಲ್ಲ ಗೊತ್ತು.

4. ಬೇರೆ ಊರಿನ ಮಕ್ಕಳ ಜೊತೆ ಸೇರಿ ಪ್ರಯೋಗ ಮಾಡುವುದು

ಬೆಂಗಳೂರು ಮತ್ತು ಬೀದರ್ ಹೆಚ್ಚುಕಮ್ಮಿ ಒಂದೇ ರೇಖಾಂಶದಲ್ಲಿವೆ, ಸುಮಾರು 77.5 ಡಿಗ್ರಿ ಪೂರ್ವ. ಒಂದೇ ದಿನ ಎರಡೂ ಊರಿನ ಶಾಲೆಗಳ ಮಕ್ಕಳು ಒಂದು ಮೀಟರ್ ಕೋಲು ನೆಟ್ಟು, ಮಧ್ಯಾಹ್ನ ನೆರಳು ಅತಿ ಚಿಕ್ಕದಾದಾಗ ಅಳೆದು, ಅಂಕಿಯನ್ನು ವಾಟ್ಸಾಪ್‌ನಲ್ಲಿ ಹಂಚಿಕೊಳ್ಳಲಿ. ಸೂರ್ಯನ ಕೋನದಲ್ಲಿ ಸುಮಾರು 5 ಡಿಗ್ರಿ ವ್ಯತ್ಯಾಸ ಸಿಗುತ್ತದೆ. ಎರಡು ಊರುಗಳ ನಡುವಿನ ನೇರ ದೂರ ಸುಮಾರು 550 ಕಿಲೋಮೀಟರ್. 5 ಡಿಗ್ರಿಗೆ 550 ಆದರೆ 360 ಡಿಗ್ರಿಗೆ ಎಷ್ಟು? 39,600 ಕಿಲೋಮೀಟರ್. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟಾಸ್ತನೀಸ್ ಈಜಿಪ್ಟಿನಲ್ಲಿ ಹಾಕಿದ ಲೆಕ್ಕವನ್ನು ಎರಡು ಕೋಲು ಮತ್ತು ಒಂದು ವಾಟ್ಸಾಪ್ ಗುಂಪಿನಿಂದ ನಮ್ಮ ಮಕ್ಕಳು ಮಾಡಬಹುದು. "ಭೂಮಿ ಚಪ್ಪಟೆ" ಎಂಬ ಫಾರ್ವರ್ಡ್ ಬಂದರೆ ಆ ಮಕ್ಕಳು ತಾವೇ ಉತ್ತರ ಕೊಡುತ್ತಾರೆ.

ಇಷ್ಟೆಲ್ಲ ಇದ್ದರೂ ಪರದೆಯೊಂದೇ ಸಾಲದು. ಪರದೆಯ ಬಲ್ಬಿಗೆ ಸಡಿಲ ತಂತಿಯ ಕಾಟವಿಲ್ಲ, ಸೆಲ್ ಡಲ್ ಆಗುವುದಿಲ್ಲ. ನಿಜವಾದ ಪ್ರಯೋಗದಲ್ಲಿ ಇವೆಲ್ಲ ಆಗುತ್ತವೆ, ಅವುಗಳ ಕಾರಣ ಹುಡುಕುವುದೂ ವಿಜ್ಞಾನವೇ. ಆದ್ದರಿಂದ ಎರಡೂ ಜೊತೆಜೊತೆಗೆ ಇರಬೇಕು.

ಒಂದೇ ಫೋನು, ನಲವತ್ತು ಮಕ್ಕಳು: ಒಂದು ಪಾಠ ಹೀಗೆ ನಡೆಯಬಹುದು

ವಿಷಯ ವಿದ್ಯುತ್ ಮಂಡಲ. ಶಿಕ್ಷಕರು ಬೋರ್ಡಿನ ಮೇಲೆ ಒಂದು ಬ್ಯಾಟರಿ, ಸಾಲಾಗಿ ಒಂದರ ನಂತರ ಒಂದು ಎರಡು ಒಂದೇ ತೆರನ ಬಲ್ಬುಗಳನ್ನು ಬರೆಯುತ್ತಾರೆ. ಇದಕ್ಕೆ ಸರಣಿ ಜೋಡಣೆ ಎನ್ನುತ್ತೇವೆ. ಪ್ರಶ್ನೆ: ಯಾವ ಬಲ್ಬು ಹೆಚ್ಚು ಬೆಳಗುತ್ತದೆ? ಮೊದಲನೆಯದೋ, ಎರಡನೆಯದೋ, ಎರಡೂ ಸಮವೋ?

ಪ್ರತಿ ಮಗುವೂ ನೋಟ್‌ಬುಕ್ಕಿನಲ್ಲಿ ಉತ್ತರ ಮತ್ತು ಕಾರಣ ಬರೆಯಬೇಕು. ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಬೇಕು. ಆಮೇಲೆ ಕೈ ಎತ್ತಿಸಿ ಲೆಕ್ಕ ಹಾಕಿದರೆ "ಮೊದಲ ಬಲ್ಬೇ ಹೆಚ್ಚು ಬೆಳಗುತ್ತದೆ, ಕರೆಂಟು ಅಲ್ಲೇ ಸ್ವಲ್ಪ ಖರ್ಚಾಗಿಬಿಡುತ್ತದಲ್ಲ" ಎನ್ನುವವರು ಖಂಡಿತ ಸಿಗುತ್ತಾರೆ. ಈಗ ಪ್ರೊಜೆಕ್ಟರ್ ಇದ್ದರೆ ಪರದೆಯ ಮೇಲೆ, ಇಲ್ಲದಿದ್ದರೆ ಗುಂಪು ಗುಂಪಾಗಿ ಫೋನಿನಲ್ಲೇ ಆ ಪ್ರಯೋಗ ಮಾಡಿ ನೋಡಲಿ. ಎರಡೂ ಬಲ್ಬು ಸಮವಾಗಿ ಬೆಳಗುತ್ತವೆ. ಎಲೆಕ್ಟ್ರಾನುಗಳು ಮೊದಲ ಬಲ್ಬಿಗೂ ಎರಡನೇ ಬಲ್ಬಿಗೂ ಒಂದೇ ವೇಗದಲ್ಲಿ ಓಡುತ್ತವೆ. ಬಲ್ಬಿನಲ್ಲಿ ಶಕ್ತಿ ಬೆಳಕು, ಶಾಖವಾಗಿ ಬದಲಾಗುತ್ತದೆಯೇ ಹೊರತು ಕರೆಂಟು ಕಡಿಮೆಯಾಗುವುದಿಲ್ಲ.

ಆಮೇಲೆ ನಿಜವಾದ ಟಾರ್ಚ್ ಬಲ್ಬು, ಸೆಲ್‌ಗಳಲ್ಲಿ ಅದೇ ಪ್ರಯೋಗ. ಒಂದು ಬಲ್ಬು ತುಸು ಮಂಕಾಗಿ ಕಂಡರೆ ಇನ್ನೂ ಒಳ್ಳೆಯದು. ಬಲ್ಬುಗಳ ಜಾಗ ಅದಲುಬದಲು ಮಾಡಲಿ. ಮಂಕು ಆ ಬಲ್ಬಿನ ಜೊತೆಗೇ ಹೋದರೆ ಕಾರಣ ಬಲ್ಬು, ಜಾಗವಲ್ಲ. ಮಕ್ಕಳು ತಮ್ಮ ಊಹೆಯನ್ನು ಹೀಗೆ ತಾವೇ ಪರೀಕ್ಷಿಸಿದಂತಾಗುತ್ತದೆ. ಪ್ರಯೋಗಕ್ಕೆ ಟಾರ್ಚ್ ಸೆಲ್‌ಗಳನ್ನು ಮಾತ್ರ ಬಳಸಬೇಕು, ಗೋಡೆಯ ಪ್ಲಗ್ಗಿನ ಹತ್ತಿರ ಹೋಗಲೇಬಾರದು.

ಈ ಪಾಠಕ್ಕೆ ಲಕ್ಷ ರೂಪಾಯಿಯ ಬೋರ್ಡು ಬೇಕಿಲ್ಲ. ಯಾವ ಪ್ರಶ್ನೆ ಕೇಳಬೇಕು, ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಗೊತ್ತಿರುವ ಶಿಕ್ಷಕರು ಬೇಕು. ಸ್ಮಾರ್ಟ್ ಬೋರ್ಡಿಗೆ ಸಿಗುವಷ್ಟು ಗಮನ ಅಂಥ ತರಬೇತಿಗೆ ಸಿಗುವುದಿಲ್ಲ, ಯಾಕೆಂದರೆ ತರಬೇತಿಯನ್ನು ರಿಬ್ಬನ್ ಕತ್ತರಿಸಿ ಉದ್ಘಾಟಿಸಲಾಗದು.

ಎಐಗೆ ಕೇಳಿದರೆ?

ಈಗ ಮಕ್ಕಳು ಹೋಂವರ್ಕನ್ನು ಚಾಟ್‌ಜಿಪಿಟಿಗೇ ಕೇಳುತ್ತಾರೆ. ಟರ್ಕಿಯ ಹೈಸ್ಕೂಲೊಂದರ ಸುಮಾರು 1000 ವಿದ್ಯಾರ್ಥಿಗಳ ಮೇಲೆ ಗಣಿತದಲ್ಲಿ ನಡೆದ ಅಧ್ಯಯನ ಇಲ್ಲಿ ಮುಖ್ಯ. ಅಭ್ಯಾಸದ ವೇಳೆ ಸಾಮಾನ್ಯ ಚಾಟ್‌ಬಾಟ್ ಬಳಸಿದವರ ಅಂಕ 48% ಹೆಚ್ಚಿತು. ಅದನ್ನು ತೆಗೆದು ಪರೀಕ್ಷೆ ಬರೆಸಿದಾಗ ಅವರು, ಅದನ್ನು ಮುಟ್ಟದೇ ಇದ್ದವರಿಗಿಂತ 17% ಕಡಿಮೆ ಅಂಕ ಪಡೆದರು. ನೇರ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ರೂಪಿಸಿದ ಚಾಟ್‌ಬಾಟ್ ಬಳಸಿದವರಲ್ಲಿ ಈ ಹಾನಿ ಬಹುಪಾಲು ಕಾಣಲಿಲ್ಲ. ಹಾಗಾಗಿ ಮಗು ಎಐ ಬಳಸುವುದಾದರೆ "ಉತ್ತರ ಹೇಳು" ಎಂದು ಕೇಳದೆ "ನನ್ನ ಉತ್ತರದಲ್ಲಿ ತಪ್ಪೆಲ್ಲಿದೆ, ಒಂದು ಸುಳಿವು ಕೊಡು" ಎಂದು ಕೇಳಲು ಕಲಿಸಿ.

ನಮ್ಮ ಶಾಲೆಗಳ ವಾಸ್ತವ

ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ 2023-24ರ ವರದಿಯ ಪ್ರಕಾರ ದೇಶದ 57.2% ಶಾಲೆಗಳಲ್ಲಿ ಮಾತ್ರ ಕೆಲಸ ಮಾಡುವ ಕಂಪ್ಯೂಟರ್ ಇತ್ತು, 53.9% ಶಾಲೆಗಳಲ್ಲಿ ಇಂಟರ್ನೆಟ್ ಇತ್ತು. ಮನೆಯ ಚಿತ್ರ ಬೇರೆ. ಗ್ರಾಮೀಣ ಭಾರತದ ಬಗೆಗಿನ ಅಸರ್ 2024 ವರದಿಯಂತೆ 14ರಿಂದ 16 ವರ್ಷದ ಮಕ್ಕಳಲ್ಲಿ ಸುಮಾರು 90% ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದವರು 57%, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76%. ಫೋನ್ ಬಳಸಲು ಬರುವ ಹುಡುಗರಲ್ಲಿ 36.2% ಮಂದಿಗೆ ಸ್ವಂತ ಫೋನಿದ್ದರೆ, ಹುಡುಗಿಯರಲ್ಲಿ 26.9% ಮಂದಿಗೆ ಮಾತ್ರ.

ಅಂದರೆ ಎಲ್ಲವನ್ನೂ "ಮನೆಯಲ್ಲಿ ಫೋನಿನಲ್ಲಿ ನೋಡಿಕೊಳ್ಳಿ" ಎಂದು ಬಿಟ್ಟರೆ ಹಿಂದೆ ಬೀಳುವವರು ಹೆಣ್ಣುಮಕ್ಕಳು, ಮತ್ತು ಅಪ್ಪ ಫೋನು ಹಿಡಿದು ಕೂಲಿಗೆ ಹೋಗುವ ಮನೆಯ ಮಕ್ಕಳು. ತಂತ್ರಜ್ಞಾನ ತರಗತಿಯೊಳಗೆ, ಎಲ್ಲರ ನಡುವೆ, ಕನ್ನಡದಲ್ಲಿ, ಇಂಟರ್ನೆಟ್ ಇಲ್ಲದಿದ್ದರೂ ನಡೆಯುವ ಹಾಗಿದ್ದರೆ ಈ ಅಂತರ ಕಡಿಮೆಯಾಗುತ್ತದೆ.

ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ನೀವು ಎಸ್‌ಡಿಎಂಸಿ ಸದಸ್ಯರಿರಬಹುದು, ಶಾಲೆಗೆ ನೆರವಾಗಲು ಹೊರಟ ಹಳೆ ವಿದ್ಯಾರ್ಥಿಯಿರಬಹುದು, ಆ್ಯಪ್‌ಗೆ ಚಂದಾ ಕಟ್ಟಲು ಯೋಚಿಸುತ್ತಿರುವ ತಾಯಿ-ತಂದೆಯಿರಬಹುದು. ಮಾರಾಟಗಾರರನ್ನು ಇಷ್ಟು ಕೇಳಿ:

• ವಿಡಿಯೋ ನಡುವೆ ನಿಲ್ಲಿಸಿ ಮಗು ಊಹಿಸಿ ಉತ್ತರಿಸುವ ಅವಕಾಶ ಇದೆಯೇ, ಅಥವಾ ಸುಮ್ಮನೆ ನೋಡುವುದೇ?
• ಮಗು ತಪ್ಪು ಉತ್ತರ ಕೊಟ್ಟರೆ "ತಪ್ಪು" ಎಂದಷ್ಟೇ ಬರುತ್ತದೆಯೇ, ಯಾಕೆ ತಪ್ಪು ಎಂದೂ ಹೇಳುತ್ತದೆಯೇ?
• ನಮ್ಮ ಮಕ್ಕಳ ಭಾಷೆಯಲ್ಲಿ, ನಮ್ಮ ಪಠ್ಯದ ಪದಗಳಲ್ಲಿ ಇದೆಯೇ?
• ಕರೆಂಟು, ಇಂಟರ್ನೆಟ್ ಹೋದರೆ ಏನು ಗತಿ? ಎರಡು ವರ್ಷದ ನಂತರ ಕೆಟ್ಟರೆ ರಿಪೇರಿ ಖರ್ಚು ಯಾರದ್ದು?
• ಶಿಕ್ಷಕರಿಗೆ ತರಬೇತಿ ಎಷ್ಟು ದಿನ? ಬಟನ್ ಒತ್ತುವುದನ್ನು ಮಾತ್ರ ಹೇಳಿಕೊಡುತ್ತಾರೋ, ಪಾಠದಲ್ಲಿ ಬಳಸುವುದನ್ನೂ ಹೇಳಿಕೊಡುತ್ತಾರೋ?
• ಇದೇ ಕೆಲಸ ಮಾಡುವ ಉಚಿತ ತಾಣ ಇದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ತ್ರಿಕೋನದ ಚಿತ್ರ ಮಾತ್ರ ಸಿಕ್ಕರೆ, ಆ ಹಣದಲ್ಲಿ ಒಂದು ಸಾಧಾರಣ ಪ್ರೊಜೆಕ್ಟರ್, ಒಂದು ಡಬ್ಬಿ ಟಾರ್ಚ್ ಬಲ್ಬು, ತಂತಿ, ಸೆಲ್, ಭೂತಗನ್ನಡಿ, ಆಯಸ್ಕಾಂತ ಕೊಡಿಸುವುದು ಉತ್ತಮ.

ಮನೆಯಲ್ಲಿ ಶುರುಮಾಡಲು ಹಣವೂ ಬೇಕಿಲ್ಲ. ಮುಂದಿನ ಸಲ ಮಗು ವಿಜ್ಞಾನದ ವಿಡಿಯೋ ನೋಡುವಾಗ ಪಕ್ಕದಲ್ಲಿ ಕೂತು, ಮುಖ್ಯವಾದ ಕಡೆ ವಿಡಿಯೋ ನಿಲ್ಲಿಸಿ, "ಈಗ ಏನಾಗುತ್ತೆ ಹೇಳು ನೋಡೋಣ? ಯಾಕೆ?" ಎಂದು ಕೇಳಿ. ಉತ್ತರ ತಪ್ಪಾದರೆ ಬೈಯಬೇಡಿ, ನಗಬೇಡಿ. ವಿಡಿಯೋ ಮುಂದುವರಿಸಿ, ಮುಗಿದ ಮೇಲೆ ಫೋನ್ ಪಕ್ಕಕ್ಕಿಟ್ಟು ಅದರದೇ ಮಾತಿನಲ್ಲಿ ಅಜ್ಜಿಗೋ ತಂಗಿಗೋ ವಿವರಿಸಲು ಹೇಳಿ. ಈ ಲೇಖನವನ್ನು ನಿಮ್ಮ ಗುಂಪಿಗೆ ಕಳಿಸುವುದಾದರೆ ಜೊತೆಗೆ ಎರಡು ಬಲ್ಬಿನ ಪ್ರಶ್ನೆಯನ್ನೂ ಹಾಕಿ. ಎಷ್ಟು ಜನ ಸರಿಯಾಗಿ ಉತ್ತರಿಸುತ್ತಾರೆ ನೋಡಿ, ಉತ್ತರವನ್ನು ಮರುದಿನ ಹೇಳಿ.